ಎರಡೆಲೆ, ಒಂದು ಹೂವು, ಸ್ವಿಂಡನ್‌ನ ಅಣ್ಣ ತಮ್ಮ

ಮಡಗಾಂವಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಮಷೀನು, ಒಂದು ಕಂಪ್ಯೂಟರು, ಪಾಸ್‌ಪೋರ್ಟ್ ಫೋಟೋಗೆ ಅಂತ ಹಿಂದೆ ಒಂದು ಬಿಳಿ ಪರದೆ. ನಮ್ಮೂರು ರೋಣದ ಹತ್ತಿರ. ಅಪ್ಪ ಗಾರೆ ಕೆಲಸ ಹುಡುಕಿಕೊಂಡು ಗೋವಾಕ್ಕೆ ಬಂದರು, ನಾನು ಇಲ್ಲೇ ಬೇರು ಬಿಟ್ಟೆ.

ಇಷ್ಟು ವರ್ಷದಲ್ಲಿ ನನ್ನ ಕೈಮೇಲೆ ಹಾದುಹೋದ ಕಾಗದಗಳಲ್ಲಿ ನನಗೆ ತುಂಬಾ ಇಷ್ಟ ಪೋರ್ಚುಗೀಸ್ ಕಾಲದ ಜನನ ದಾಖಲೆ. ಹಳದಿಯಾದ ಪುಟದ ನಕಲು, ಬಳ್ಳಿ ಹಬ್ಬಿದ ಹಾಗೆ ಕೈಬರಹ. ಒಂದಕ್ಷರವೂ ಅರ್ಥವಾಗಲ್ಲ, ಆದರೆ ಎಲ್ಲಿ ಹೆಸರಿದೆ, ಎಲ್ಲಿ ತಾರೀಖಿದೆ ಅಂತ ಈಗ ಕಣ್ಣು ಮುಚ್ಚಿ ತೋರಿಸುತ್ತೇನೆ. ಪೋರ್ಚುಗೀಸರ ಆಳ್ವಿಕೆ ಮುಗಿದ 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್‌ನಲ್ಲಿ ಜನನ ನೋಂದಾಯಿಸಿಕೊಂಡರೆ ಪೋರ್ಚುಗಲ್ ಪಾಸ್‌ಪೋರ್ಟ್ ಸಿಗುತ್ತದೆ. ಆಗ ಭಾರತದ್ದನ್ನು ವಾಪಸ್ ಕೊಡಬೇಕು. ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿ ಇದ್ದಷ್ಟು ದಿನ ಪೋರ್ಚುಗಲ್ ಪಾಸ್‌ಪೋರ್ಟ್ ಅಂದರೆ ಇಂಗ್ಲೆಂಡಿನ ಬಾಗಿಲ ಕೀಲಿಕೈ. ಲಿಸ್ಬನ್ ಹೇಗಿದೆ ಅಂತ ನೋಡದವರೂ ಸೀದಾ ಇಂಗ್ಲೆಂಡಿನ ಸ್ವಿಂಡನ್, ಸೌತಾಲ್‌ಗೆ ಹೋಗಿ ಇಳಿದರು.

ನನ್ನ ಅಂಗಡಿ ಇರೋ ಕಟ್ಟಡದ ಮಾಲೀಕರು ಮೇಲಿನ ಮನೆಯ ಅಂಕಲ್, ಆಂಟಿ. ಅವರ ಇಬ್ಬರು ಮಕ್ಕಳೂ ಸ್ವಿಂಡನ್‌ನಲ್ಲಿದ್ದಾರೆ. ದೊಡ್ಡವನು ಇಲ್ಲಿ ಹೋಟೆಲ್ ಅಡುಗೆ ಕಲಿತು, ಭಾರತದ ಪಾಸ್‌ಪೋರ್ಟಿನಲ್ಲೇ ಕೆಲಸದ ವೀಸಾ ಹಿಡಿದು ಹೋದವನು. ಪ್ರತಿ ಸಲ ವೀಸಾ ನವೀಕರಣಕ್ಕೆ ದುಡ್ಡು, ಕಾಗದ, ಭಯ. ಚಿಕ್ಕವನು ಹತ್ತು ವರ್ಷ ಬಿಟ್ಟು ಅಪ್ಪನ ಜನನ ದಾಖಲೆ ಹಿಡಿದು ಪೋರ್ಚುಗೀಸ್ ಪ್ರಜೆಯಾಗಿ ಹೋದ. ವಿಮಾನ ಇಳಿದ ಮರುವಾರ ಗೋದಾಮಿನಲ್ಲಿ ಕೆಲಸ. ಅವನ ಕಾಗದವೆಲ್ಲ ಮಾಡಿಕೊಟ್ಟಿದ್ದು ನಾನೇ.

2016ರ ಜೂನ್ 23ಕ್ಕೆ ಬ್ರೆಕ್ಸಿಟ್ ಮತದಾನ. ಬ್ರಿಟನ್ ಯುರೋಪಿನ ಒಕ್ಕೂಟದ ಒಳಗೇ ಇರಬೇಕಾ, ಹೊರಗೆ ಬರಬೇಕಾ ಅಂತ. ಇದರಲ್ಲಿ ಒಂದು ತಮಾಷೆ ಇದೆ, ನಮ್ಮ ಜನಕ್ಕೆ ಜಾಸ್ತಿ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶದವರಿಗೆ ಓಟು ಇತ್ತು. ಅಂದರೆ ಭಾರತದ ಪಾಸ್‌ಪೋರ್ಟಿನ ಅಣ್ಣನಿಗೆ ಇತ್ತು. ಯುರೋಪಿನವರಿಗೆ, ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ಟರೆ, ಇರಲಿಲ್ಲ. ಅಂದರೆ ತಮ್ಮನಿಗೆ ಇರಲಿಲ್ಲ. ಒಂದೇ ತಾಯಿಯ ಮಕ್ಕಳು, ಒಂದೇ ಬೀದಿಯಲ್ಲಿ ಮನೆ.

ಅಣ್ಣ 'ಹೊರಗೆ' ಅಂತ ಓಟು ಹಾಕಿದ.

ಫಲಿತಾಂಶ ಗೊತ್ತಾದಾಗ ಇಲ್ಲಿ ಬೆಳಿಗ್ಗೆ ಒಂಬತ್ತು ದಾಟಿತ್ತು. ಜೋರು ಮಳೆ. ನಾನು ಶಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದೆ. ಆಂಟಿ ಮೇಲಿನಿಂದ ಫೋನ್ ಹಿಡಿದುಕೊಂಡೇ ಇಳಿದು ಬಂದರು. "ಬಾಬಾ, ಚಿಕ್ಕವನು ಅಳ್ತಾ ಇದ್ದಾನೆ. ಅಣ್ಣ ನನ್ನನ್ನ ಓಡಿಸೋಕೆ ಓಟು ಹಾಕಿದ ಅಂತಾನೆ." ಶೇಕಡಾ 51.9 ಹೊರಗೆ, 48.1 ಒಳಗೆ. ಸ್ವಿಂಡನ್ ಊರೇ ಹೊರಗೆ ಅಂದಿತ್ತು. ನಾನು ಮಧ್ಯಾಹ್ನ ಊಟಕ್ಕೆ ಶಟರ್ ಎಳೆಯುವ ಹೊತ್ತಿಗೆ ಪ್ರಧಾನಿ ಡೇವಿಡ್ ಕ್ಯಾಮರನ್ ಬಾಗಿಲ ಮುಂದೆ ನಿಂತು ರಾಜೀನಾಮೆ ಹೇಳಿಯೂ ಆಗಿತ್ತು.

ಅಣ್ಣನ ಮೇಲೆ ನನಗೂ ಮೊದಲು ಸಿಟ್ಟು ಬಂತು. ಆಮೇಲೆ ಅವನದೇ ಬಾಯಲ್ಲಿ ಕೇಳಿದೆ. ಆ ಹೊತ್ತಿಗೆ ಬ್ರಿಟನ್ನಿನ ಮಂತ್ರಿಯಾಗಿದ್ದ ಪ್ರೀತಿ ಪಟೇಲ್, ನಮ್ಮ 'ಕರ್ರಿ' ಹೋಟೆಲುಗಳನ್ನು, ಅಂದರೆ ನಮ್ಮ ಕಡೆಯ ಊಟದ ಹೋಟೆಲುಗಳನ್ನು, ಉಳಿಸಿ ಅಂತ ಪ್ರಚಾರ ಮಾಡಿದ್ದರು. ಯುರೋಪಿನವರ ಬಾಗಿಲು ಮುಚ್ಚಿದರೆ ನಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಲೀಸಾಗುತ್ತೆ ಅನ್ನೋ ಮಾತು. ಇವನ ಹೋಟೆಲಿನ ಯಜಮಾನರು ಅದನ್ನು ನಂಬಿದರು, ಇವನೂ ನಂಬಿದ. ಜೊತೆಗೆ, ತಾನು ಹತ್ತು ವರ್ಷ ಕ್ಯೂ ನಿಂತಲ್ಲಿ ತಮ್ಮ ಪಕ್ಕದ ಬಾಗಿಲಿನಿಂದ ಒಳಗೆ ಬಂದ ಅನ್ನೋ ಉರಿ. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ 2021ರಲ್ಲಿ ಹೊಸ ನಿಯಮ ಬಂದಾಗ ಕೆಲಸದ ವೀಸಾ ಬೇಕಾದರೆ ವರ್ಷಕ್ಕೆ 25,600 ಪೌಂಡ್ ಸಂಬಳ ಇರಬೇಕು ಅಂತ ಗೆರೆ ಎಳೆದರು. ಬಾಗಿಲು ಸಲೀಸಾಗುತ್ತೆ ಅಂದಿದ್ದ ಅದೇ ಪ್ರೀತಿ ಪಟೇಲ್ ಆಗ ಗೃಹಮಂತ್ರಿ!

ಅಣ್ಣ ತಮ್ಮ ಎರಡು ವರ್ಷ ಮಾತಾಡಲಿಲ್ಲ. ಹೀಗೆ ಎಷ್ಟು ಮನೆಗಳು ಮುರಿದವೋ. ಆದರೆ ನನಗೆ ಸಿಟ್ಟಿರೋದು ಜಗಳ ಆಡಿದವರ ಮೇಲಲ್ಲ, ಪ್ರಶ್ನೆ ಕೇಳಿದವರ ಮೇಲೆ. ಕ್ಯಾಮರನ್‌ಗೆ ತಮ್ಮ ಪಕ್ಷದೊಳಗಿನ ಗಲಾಟೆ ತಣ್ಣಗಾಗಬೇಕಿತ್ತು, ಅದಕ್ಕೆ 2013ರಲ್ಲೇ ಜನಮತದ ಮಾತು ಕೊಟ್ಟರು. ನೀವು ತೀರ್ಮಾನಿಸಿದ್ದನ್ನು ಸರ್ಕಾರ ಜಾರಿ ಮಾಡುತ್ತೆ ಅಂತ ಮನೆಮನೆಗೆ ಚೀಟಿ ಕಳಿಸಿದರು. ಯಾವುದನ್ನು ಜಾರಿ ಮಾಡುತ್ತೀರಿ ಸ್ವಾಮಿ? 'ಹೊರಗೆ' ಅಂದರೆ ಎಷ್ಟು ಹೊರಗೆ? ಹೊಸ್ತಿಲಿಗೋ, ಅಂಗಳಕ್ಕೋ, ಊರಾಚೆಗೋ? ಮುಂದೆ ಪ್ರಧಾನಿಯಾದ ಬೋರಿಸ್ ಜಾನ್ಸನ್ ಅಂತೂ ಒಕ್ಕೂಟ ಬೇಕು ಅಂತ ಒಂದು, ಬೇಡ ಅಂತ ಒಂದು, ಎರಡು ಲೇಖನ ಬರೆದಿಟ್ಟುಕೊಂಡು ಆಮೇಲೆ ಕಡೆ ಆರಿಸಿಕೊಂಡವರು. ತಮ್ಮ ಜಾಗಕ್ಕೆ ಥೆರೆಸಾ ಮೇ ಬರುತ್ತಾರೆ ಅಂತ ಹೇಳಿ ಒಳಗೆ ಹೋಗುವಾಗ ಕ್ಯಾಮರನ್ ಏನೋ ರಾಗ ಗುನುಗಿದ್ದು ಮೈಕಿನಲ್ಲಿ ಕೇಳಿಸಿತ್ತು. ಅದನ್ನು ನಾನು ಎರಡು ಸಲ ಹಾಕಿ ಕೇಳಿದ್ದೇನೆ. ಮನೆಗೆ ಬೆಂಕಿ ಬಿದ್ದಾಗ ಸಿಳ್ಳೆ ಹೊಡೆದಂತೆ.

ಅಂಕಲ್ ಟಿವಿ ಮುಂದೆ ಕೂತು ಇದನ್ನೆಲ್ಲ ಜಪ ಮಾಡಿದ ಹಾಗೆ ನೋಡುತ್ತಿದ್ದರು. 2018ರ ಕ್ರಿಸ್‌ಮಸ್‌ಗೆ ಚಿಕ್ಕವನು ಬಂದಿದ್ದ, ಜನವರಿ ಮಧ್ಯದವರೆಗೆ ಇದ್ದ. ಜನವರಿ 15ರ ರಾತ್ರಿ ಒಕ್ಕೂಟ ಬಿಡೋದಕ್ಕೆ ಥೆರೆಸಾ ಮೇ ಮಾಡಿಕೊಂಡಿದ್ದ ಒಪ್ಪಂದ ಬ್ರಿಟನ್ನಿನ ಸಂಸತ್ತಿನಲ್ಲಿ ಮತಕ್ಕೆ ಬಂತು. 432 ವಿರುದ್ಧ, 202 ಪರ. ನಮ್ಮ ಲೆಕ್ಕದಲ್ಲಿ ಒಂದು ಗಂಟೆ ದಾಟಿತ್ತು, ತಾರೀಖು 16 ಆಗಿತ್ತು. ಬೆಳಿಗ್ಗೆ ಅಂಗಡಿಗೆ ಬಂದರೆ ಅಂಕಲ್ ಮೆಟ್ಟಿಲ ಮೇಲೆ ಪಾವ್ ಚೀಲ ಹಿಡಿದು ಕೂತಿದ್ದಾರೆ. "ಇವತ್ತು ಯಾವ ದಿನ ಗೊತ್ತಾ?" ಅಂದರು.

ಗೊತ್ತಿತ್ತು. ಗೋವಾದವರು ಅಸ್ಮಿತಾಯ್ ದಿಸ್ ಅಂತ ಆಚರಿಸೋ ದಿನ. 1967ರ ಜನವರಿ 16ಕ್ಕೆ ಗೋವಾದಲ್ಲೂ ಇಂಥದೇ ಮತದಾನ ಆಗಿತ್ತು. ಮಹಾರಾಷ್ಟ್ರಕ್ಕೆ ಸೇರಬೇಕಾ, ಬೇರೆಯಾಗಿಯೇ ಇರಬೇಕಾ? ಸೇರೋದಕ್ಕೆ ಹೂವಿನ ಚಿಹ್ನೆ, ಬೇರೆ ಇರೋದಕ್ಕೆ ಎರಡೆಲೆ. ಅಂಕಲ್‌ಗೆ ಆಗ ಇಪ್ಪತ್ನಾಲ್ಕು. ಎರಡೆಲೆಗೆ 1,72,191, ಹೂವಿಗೆ 1,38,170. ಈ ಅಂಕಿ ಅವರಿಗೆ ಬಾಯಿಪಾಠ. "ನಮ್ಮಲ್ಲೂ ಜಗಳ ಕಡಿಮೆ ಇರಲಿಲ್ಲ ಬಾಬಾ. ನನ್ನ ಗೆಳೆಯನೇ ಹೂವಿಗೆ ಹಾಕಿದ. ಆದರೆ ಹೂವು ಗೆದ್ದರೆ ಏನಾಗುತ್ತೆ, ಎಲೆ ಗೆದ್ದರೆ ಏನಾಗುತ್ತೆ ಅನ್ನೋದು ದನ ಮೇಯಿಸೋ ಹುಡುಗನಿಗೂ ಗೊತ್ತಿತ್ತು."

ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ವಿಲೀನದ ಪರ ಇದ್ದವರು. ಅವರು ಕುರ್ಚಿಯಲ್ಲಿದ್ದರೆ ಮತದಾನ ನ್ಯಾಯವಾಗಿ ನಡೆಯಲ್ಲ ಅಂತ ವಿರೋಧಿಗಳು ಹಟ ಹಿಡಿದಿದ್ದರು. ಅವರು ಮೊದಲೇ ರಾಜೀನಾಮೆ ಕೊಟ್ಟರು. ಮತದಾನದಲ್ಲಿ ಸೋತರು. ಎರಡೇ ತಿಂಗಳಿಗೆ ಚುನಾವಣೆಗೆ ನಿಂತು ಗೆದ್ದು, ತಾನು ಬೇಡ ಅಂದಿದ್ದ ಪ್ರತ್ಯೇಕ ಗೋವಾವನ್ನೇ 1973ರಲ್ಲಿ ತೀರಿಕೊಳ್ಳುವವರೆಗೆ ಆಳಿದರು. ಸೋತು ರಾಗ ಗುನುಗುತ್ತಾ ಒಳಗೆ ಹೋದವರಲ್ಲ.

ಆಂಟಿಗೆ ಅರ್ಥವಾಗದೇ ಇದ್ದದ್ದು ಐರ್ಲೆಂಡ್ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ ಜೊತೆ ಹೊರಗೆ, ಐರ್ಲೆಂಡ್ ದೇಶ ಒಕ್ಕೂಟದ ಒಳಗೆ. ನಾನು ಮಾಜಾಳಿ ಚೆಕ್‌ಪೋಸ್ಟ್ ಉದಾಹರಣೆ ಕೊಟ್ಟೆ. ಕಾರವಾರದ ಕಡೆ ಹೋಗುವಾಗ ಬಸ್ ನಿಲ್ಲಿಸಿ ಬಾಟಲಿ ಇದೆಯಾ ಅಂತ ಬ್ಯಾಗು ತಡಕಾಡುತ್ತಾರಲ್ಲ, ಅಂಥದ್ದು ಐನೂರು ಕಿಲೋಮೀಟರ್ ಉದ್ದಕ್ಕೂ ಬಂದರೆ? ಅಲ್ಲಿ ಬಾಟಲಿಗಲ್ಲ, ಬಂದೂಕಿಗೆ ಜನ ಸತ್ತಿದ್ದರು. 1998ರ ಶಾಂತಿ ಒಪ್ಪಂದದ ಮೇಲೆ ಆ ಗಡಿಯೇ ಕಾಣದ ಹಾಗಾಗಿತ್ತು. ಜಾನ್ಸನ್ ಬಂದು ಚೆಕ್‌ಪೋಸ್ಟನ್ನು ಸಮುದ್ರಕ್ಕೆ ತಳ್ಳಿದರು, ಬ್ರಿಟನ್ನಿಗೂ ಉತ್ತರ ಐರ್ಲೆಂಡಿಗೂ ನಡುವೆ. ಅಲ್ಲಿನ ವ್ಯಾಪಾರಿಗಳಿಗೆ, ಯಾರಾದರೂ ಫಾರ್ಮ್ ಕೇಳಿದರೆ ಕಸದಬುಟ್ಟಿಗೆ ಹಾಕಿ ಅಂದರು. ಫಾರ್ಮ್ ತುಂಬೋದೇ ನನ್ನ ಹೊಟ್ಟೆಪಾಡು. ನನ್ನ ಮುಂದೆ ಹೀಗೆ ಹೇಳಿದ್ದರೆ ನಾನೇ ಎರಡು ಮಾತು ಆಡುತ್ತಿದ್ದೆ. ಫಾರ್ಮುಗಳು ಬಂದವು, ಬುಟ್ಟಿಗೆ ಯಾರೂ ಹಾಕಲಿಲ್ಲ.

ಅವತ್ತೇ ಆಂಟಿ ಒಂದು ಮಾತು ಅಂದರು. "ನಮ್ಮ ಹುಡುಗರಿಗೆ ಅಲ್ಲಿ ನಿಮ್ಮೂರಿಗೆ ಹೋಗಿ ಅಂತಾರಂತೆ." ಅಂದವರು ನನ್ನ ಮುಖ ನೋಡಿ ಸುಮ್ಮನಾದರು. ಇಲ್ಲಿ ನಮ್ಮನ್ನು 'ಭಾಯ್ಲೆ' ಅಂತಾರೆ, ಹೊರಗಿನವರು ಅಂತ. ಸಿಟ್ಟು ಬಂದರೆ 'ಘಾಟಿ', ಘಟ್ಟದ ಕಡೆಯವರು ಅಂತ. ಮಹದಾಯಿ ನೀರಿನ ಸುದ್ದಿ ಬಂದ ವಾರ ನಾನು ಅಂಗಡಿಯಲ್ಲಿ ಕನ್ನಡ ರೇಡಿಯೋ ಹಾಕೋದಿಲ್ಲ. ಚುನಾವಣೆ ಬಂದರೆ ಮಾತ್ರ ನಮ್ಮ ಜನ ಇರೋ ಝುವಾರಿನಗರಕ್ಕೂ ಬೈನಾಕ್ಕೂ ರಾಜಕಾರಣಿಗಳು ಕೈಮುಗಿದುಕೊಂಡು ಬರುತ್ತಾರೆ, ಮುರುಕು ಕನ್ನಡದಲ್ಲಿ ನಮಸ್ಕಾರ ಹೇಳುತ್ತಾರೆ. ಆಂಟಿ ಒಳಗೆ ಹೋಗಿ ಒಂದು ತಟ್ಟೆ ದೊದೊಲ್ ಸಿಹಿ ತಂದಿಟ್ಟರು. ಕ್ರಿಸ್‌ಮಸ್‌ದು, ಸ್ವಲ್ಪ ಗಟ್ಟಿಯಾಗಿತ್ತು. ತಿಂದೆ.

ಚಿಕ್ಕವನು ವಾಪಸ್ ಹೋಗಿ ಅಲ್ಲಿ ಉಳಿಯೋ ಹಕ್ಕಿಗೆ ಅರ್ಜಿ ಹಾಕಿದ. ಅದಕ್ಕೆ 65 ಪೌಂಡ್ ಶುಲ್ಕ ಅಂದಿದ್ದರು, ಆ ಜನವರಿಯಲ್ಲೇ ಕೈಬಿಟ್ಟರು. ಅರ್ಜಿಯ ಆಪ್ ಮೊದಮೊದಲು ಐಫೋನಿನಲ್ಲಿ ನಡೆಯುತ್ತಿರಲಿಲ್ಲ, ಆಂಡ್ರಾಯ್ಡ್ ಬೇಕಿತ್ತು. ಅವನ ಹತ್ತಿರ ಐಫೋನು. ಅಣ್ಣನ ಹತ್ತಿರ ಆಂಡ್ರಾಯ್ಡ್. ಎರಡು ವರ್ಷ ಮಾತು ಬಿಟ್ಟವನು ಫೋನ್ ಕೇಳೋಕೆ ಅಂತ ಬಾಗಿಲು ತಟ್ಟಿದ. ಅಣ್ಣ ಕೊಟ್ಟ, ಊಟಕ್ಕೂ ಕೂರಿಸಿದ ಅಂತ ಆಂಟಿ ಹೇಳಿದರು. 2020ರ ಜನವರಿ 31ಕ್ಕೆ ಬ್ರಿಟನ್ ಹೊರಗೆ ಹೋಯಿತು, ಇವನು ಒಳಗೆ ಉಳಿದ.

ಹೋದ ಡಿಸೆಂಬರಿನಲ್ಲಿ ಅಣ್ಣ ಊರಿಗೆ ಬಂದಿದ್ದ. ಈಗ ಅವನದು ಬ್ರಿಟಿಷ್ ಪಾಸ್‌ಪೋರ್ಟು. ಮಧ್ಯಾಹ್ನ ಶಟರ್ ಅರ್ಧ ಎಳೆದಿದ್ದೆ, ಬಗ್ಗಿ ಒಳಗೆ ಬಂದ. ಅದೂ ಇದೂ ಮಾತಾಡಿದ, ಮೀನಿನ ರೇಟು ಕೇಳಿದ. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ಮಗಳಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಓದೋ ಆಸೆ. ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ಹೋದರೆ ಫೀಸು ಜಾಸ್ತಿ, ಅಲ್ಲಿ ಇರೋದಕ್ಕೆ ಪರ್ಮಿಟ್ ಬೇರೆ. ಪೋರ್ಚುಗೀಸ್ ಪಾಸ್‌ಪೋರ್ಟ್ ಆದರೆ ಆ ಹೆಚ್ಚಿನ ಫೀಸೂ ಇಲ್ಲ, ಪರ್ಮಿಟ್ಟೂ ಇಲ್ಲ. ಮೊದಲು ತನ್ನದು ಮಾಡಿಸಿಕೊಂಡು ಆಮೇಲೆ ಮಗಳದು ಮಾಡಿಸಬೇಕು.

"ಅಪ್ಪನ ಜನನ ದಾಖಲೆ ಎಲ್ಲಿ ಸಿಗುತ್ತೆ?" ಅಂದ.

ನಾನು ಏನೂ ಹೇಳಲಿಲ್ಲ. ಕಂಪ್ಯೂಟರ್ ಹಚ್ಚಿದೆ. ಅದು ತಮ್ಮನ ಹೆಸರಿನ ಫೋಲ್ಡರಿನಲ್ಲೇ ಇತ್ತು. ಪ್ರಿಂಟ್ ತೆಗೆದು ಕೊಟ್ಟೆ. ಇದನ್ನು ಇಟ್ಟುಕೊಂಡು ಅಸಲು ಪ್ರತಿಗೆ ಅರ್ಜಿ ಹಾಕು ಅಂದೆ. ಅವನು ಆ ಕೈಬರಹವನ್ನು ತುಂಬಾ ಹೊತ್ತು ನೋಡಿದ. ಅಪ್ಪನ ಹೆಸರು ಎಲ್ಲಿದೆ ಅಂತ ನಾನೇ ಬೆರಳಿಟ್ಟು ತೋರಿಸಬೇಕಾಯಿತು.