ಹಗುರವಾಗಿದ್ದು ಒಂದೇ ದಿನ

ಮಂಗಳವಾರ ತೂಬಿನಕೆರೆ ದಾಟುತ್ತಿದ್ದಂತೆ ನನ್ನ ಸ್ಕೂಟರಿನ ಹಿಂದಿನ ಚಕ್ರ ನೆಲ ಕಚ್ಚಿತು. 2023ರ ಆಗಸ್ಟ್‌ನಿಂದ ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ಪಥಕ್ಕೆ ಸ್ಕೂಟರನ್ನೂ ಬಿಡುವುದಿಲ್ಲ, ಟ್ರ್ಯಾಕ್ಟರನ್ನೂ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ನಮಗೆ ಗತಿ. ಅಲ್ಲೇ ತಳ್ಳಿಕೊಂಡು ಪಂಕ್ಚರ್ ಅಂಗಡಿ ಮುಟ್ಟಿದರೆ ನನಗಿಂತ ಮೊದಲು ಸರದಿಯಲ್ಲಿ ನಿಂತಿದ್ದದ್ದು ಒಂದು ಎತ್ತಿನ ಗಾಡಿ.

ಆಲೆಮನೆಗೆ ಹೊರಟಿದ್ದ ಕಬ್ಬು. ಮುಕ್ಕಾಲು ಪಾಲು ಹೊರೆಗಳನ್ನು ರಸ್ತೆಯ ಅಂಚಿಗೆ ಇಳಿಸಿ, ಅಚ್ಚಿಗೆ ಜಾಕ್ ಕೊಟ್ಟು ಚಕ್ರ ಕಳಚಿದ್ದರು. ಎತ್ತುಗಳೆರಡೂ ಬೇವಿನ ಮರದ ಕೆಳಗೆ ಸೋಗೆ ಮೇಯುತ್ತಿದ್ದವು. ಅಂಗಡಿಯ ಹುಡುಗ ಕಿವಿಗೆ ಏನೋ ಸಿಕ್ಕಿಸಿಕೊಂಡು ಟ್ಯೂಬನ್ನು ಕೆಸರು ನೀರಿನ ಅರ್ಧ ಡ್ರಮ್ಮಿನಲ್ಲಿ ಅದ್ದಿ ತಿರುಗಿಸುತ್ತಿದ್ದ. ಅದಕ್ಕೆ ಆಗಲೇ ಹನ್ನೊಂದು ತೇಪೆ ಬಿದ್ದಿದ್ದವು. ಕಾಯುವವನಿಗೆ ಬೇರೇನು ಕೆಲಸ, ನಾನೇ ಎಣಿಸಿದೆ. ಹನ್ನೆರಡನೆಯ ಜಾಗದಿಂದ ಗುಳ್ಳೆಗಳು ಪುಳಪುಳನೆ ಎದ್ದವು.

ಅಷ್ಟರಲ್ಲಿ ಕಾರೊಂದು ನಿಂತಿತು. ಇಳಿದ ಯುವಕ ಎತ್ತಿನ ಕೊಂಬಿನ ಪಕ್ಕ ಮುಖವಿಟ್ಟು ಫೋಟೊ ತೆಗೆಸಿಕೊಂಡ, "ಇದರ ಹೆಸರೇನು ತಾತ?" ಎಂದ, ಉತ್ತರಕ್ಕೆ ಕಾಯದೆ ಹೋದ. ಹಳ್ಳಿಯ ಸೊಗಡು ಎಂದು ಎಲ್ಲೋ ಹಾಕಿಕೊಂಡಿರುತ್ತಾನೆ. ಅವನನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಇರಲಿಲ್ಲವೆಂಬುದು ಐದು ನಿಮಿಷಕ್ಕೇ ತಿಳಿಯಿತು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ನಾಲಿಗೆ, ಸುಮ್ಮನಿರಲಿಲ್ಲ. "ಈ ಗಾಳಿ ಟೈರನ್ನು ಬಳಕೆಗೆ ತಂದವನು ದನದ ಡಾಕ್ಟರು, ಗೊತ್ತೇ ಯಜಮಾನರೇ?" ಎಂದು ಶುರು ಮಾಡಿದೆ. ಬೆಲ್‌ಫಾಸ್ಟ್ ಊರಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗೆಂದು ರಬ್ಬರ್ ಕೊಳವೆಗೆ ಗಾಳಿ ತುಂಬಿ ಮರದ ಬಿಲ್ಲೆಗೆ ಸುತ್ತಿದ್ದು, ಅಂಗಳದಲ್ಲಿ ಅದನ್ನೂ ಹಳೆಯ ಚಕ್ರವನ್ನೂ ಉರುಳಿಬಿಟ್ಟಾಗ ಹಳೆಯದು ನಡುವೆಯೇ ಬಿದ್ದು ಹೊಸದು ಗೇಟಿನ ಕಂಬಕ್ಕೆ ಬಡಿದು ಪುಟಿದದ್ದು, 1888ರಲ್ಲಿ ಪೇಟೆಂಟ್ ಸಿಕ್ಕಿದ್ದು, ಎಲ್ಲ ಹೇಳಿದೆ. ತರಗತಿಯಲ್ಲಿ ಈ ಕಂಬದ ಜಾಗಕ್ಕೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಗಾಡಿಯ ಮುದುಕರು ಪೂರ್ತಿ ಕೇಳಿದರು. ಬೀಡಿ ಆರಿತ್ತು, ಮತ್ತೆ ಹಚ್ಚಿದರು.

"ದನದ ಡಾಕ್ಟರೋ? ಹಾಗಾದರೆ ಎತ್ತಿನ ಹೆಗಲು ಬಾತರೆ ಅದಕ್ಕೂ ಏನಾದರೂ ಕಂಡುಹಿಡಿದನೇ ಸ್ವಾಮಿ?"

ನಾನು ನಕ್ಕೆ. ನಕ್ಕು, ಪಾಠ ಮುಗಿಸುವ ಧಾಟಿಯಲ್ಲಿ, "ಏನೇ ಆಗಲಿ, ಟೈರ್ ಬಂದ ಮೇಲೆ ಎತ್ತುಗಳಿಗೆ ಹಗುರವಾಯಿತಲ್ಲ" ಎಂದೆ.

"ಹಗುರವಾಗಿದ್ದು ಒಂದೇ ದಿನ ಸ್ವಾಮಿ. ಅಪ್ಪ ಮಂಡ್ಯದಿಂದ ಟೈರ್ ತಂದು ಹಾಕಿಸಿದ ದಿನ ಎತ್ತುಗಳು ಓಡಿಕೊಂಡೇ ಹೋದವು. ಮಾರನೇ ದಿನ ಅಪ್ಪ ಇನ್ನೂ ಹತ್ತು ಹೊರೆ ಹೆಚ್ಚಾಗಿ ಹೇರಿದ."

ದೂರಿನ ದನಿಯೇನೂ ಅಲ್ಲ. ನಾಲೆಯಲ್ಲಿ ನೀರು ಬಂತು, ನಿಂತಿತು ಎನ್ನುವ ಹಾಗೆ ಹೇಳಿದರು. ಮತ್ತೆ ಮರದ ಚಕ್ರಕ್ಕೆ ಹೋಗುತ್ತೀರಾ ಎಂದರೆ, "ಹುಚ್ಚೇ?" ಎಂದರು. ಮಳೆ ಬಿದ್ದ ಗದ್ದೆಯಲ್ಲಿ ಕಬ್ಬಿಣದ ಪಟ್ಟಿಯ ಚಕ್ರ ಅಚ್ಚಿನ ತನಕ ಹೂತರೆ ಎಂಟು ಜನ ಹೆಗಲು ಕೊಡಬೇಕಿತ್ತಂತೆ. ಕುಲುಮೆಯಲ್ಲಿ ಪಟ್ಟಿ ಕಾಯಿಸಿ, ಚಕ್ರಕ್ಕೆ ಇಳಿಬಿಟ್ಟು, ನೀರು ಹೊಯ್ದು ಬಿಗಿಯುತ್ತಿದ್ದ ಆಚಾರಿಯ ಮನೆಯಲ್ಲಿ ಈಗ ಮೊಬೈಲ್ ಅಂಗಡಿ ಇದೆಯಂತೆ.

ನಾನು ಎದ್ದು ಎತ್ತಿನ ಬಳಿ ಹೋದೆ. ನೊಗ ಕೂರುವ ಜಾಗದಲ್ಲಿ ಅಂಗೈಯಗಲ ಕೂದಲಿಲ್ಲ. ತೊಗಲು ಜಡ್ಡುಗಟ್ಟಿ, ಹಳೆಯ ಚಪ್ಪಲಿಯ ಅಟ್ಟೆಯಂತೆ ಮಿರುಗುತ್ತಿತ್ತು. ಮುಟ್ಟಿದೆ. ಎತ್ತು ಸೋಗೆ ಅಗಿಯುವುದನ್ನು ನಿಲ್ಲಿಸಿ ಒಮ್ಮೆ ನೋಡಿತು, ಇನ್ನೊಬ್ಬ ಫೋಟೊದವನು ಎಂದುಕೊಂಡಿರಬೇಕು.

ಹಗುರವಾಗಿದ್ದು ಒಂದೇ ದಿನ. ಮನೆ ತಲುಪಿದರೂ ಮಾತು ಬಿಡಲಿಲ್ಲ. ನಾನು ತರಗತಿಯಲ್ಲಿ ಸಮಯವಿಲ್ಲವೆಂದು ಹಾರಿಸುತ್ತಿದ್ದ ಒಬ್ಬನಿದ್ದಾನೆ, ರಾಬರ್ಟ್ ವಿಲಿಯಂ ಥಾಮ್ಸನ್. ಡನ್‌ಲಪ್‌ಗಿಂತ ನಾಲ್ಕು ದಶಕ ಮೊದಲೇ, 1845ರಲ್ಲಿ, ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದವನು. ಈ ಕಾರಣಕ್ಕೇ ಡನ್‌ಲಪ್ಪನ ಪೇಟೆಂಟ್ ಆಮೇಲೆ ಬಿದ್ದುಹೋಯಿತು. ಥಾಮ್ಸನ್ ಅದನ್ನು ಮಾಡಿದ್ದು ಸೈಕಲ್ಲಿಗಲ್ಲ, ಮೋಟಾರು ಇನ್ನೂ ಹುಟ್ಟಿಯೇ ಇರಲಿಲ್ಲ. ಲಂಡನ್ನಿನ ಉದ್ಯಾನದಲ್ಲಿ ಕುದುರೆ ಗಾಡಿಗೆ ಕಟ್ಟಿ ಓಡಿಸಿ ತೋರಿಸಿದ. ಗಾಡಿ ಎಳೆಯಲು ಬೇಕಾದ ಬಲ ಕಡಿಮೆಯಾಗಲಿ, ಚಲನೆ ಸಲೀಸಾಗಲಿ, ಸದ್ದು ತಗ್ಗಲಿ ಎಂಬ ಮೂರು ಉದ್ದೇಶಗಳನ್ನು ಪೇಟೆಂಟಿನಲ್ಲಿ ಬರೆದುಕೊಂಡಿದ್ದ. ಎಳೆಯುವ ಬಲವೇ ಮೊದಲನೆಯದು. ಅಂದರೆ ಗಾಳಿ ಟೈರು ಹುಟ್ಟಿದ್ದೇ ಪ್ರಾಣಿಯ ಹೆಗಲ ಲೆಕ್ಕದಲ್ಲಿ. ಉಳಿದ ಬಲವನ್ನು ಏನು ಮಾಡುವುದೆಂದು ಅವನು ಬರೆದಿರಲಿಲ್ಲ. ಅದನ್ನು ಈ ಮುದುಕರ ಅಪ್ಪ ಮಾರನೇ ದಿನವೇ ತೀರ್ಮಾನಿಸಿದರು.

ಅಪ್ಪನೊಬ್ಬನೇ ಏನು, ಸರ್ಕಾರವೂ ಹಾಗೆಯೇ. ಭಾರ ಎಳೆಯುವ ಪ್ರಾಣಿಗಳಿಗೆ ಹಿಂಸೆಯಾಗದಿರಲೆಂದು ಕೇಂದ್ರ ಸರ್ಕಾರ 1965ರಲ್ಲಿ ಮಾಡಿದ ನಿಯಮಗಳನ್ನು ಆ ರಾತ್ರಿ ತೆರೆದು ನೋಡಿದೆ. ದೊಡ್ಡ ಎತ್ತು ಎರಡು ಚಕ್ರದ ಗಾಡಿಯಲ್ಲಿ ಎಳೆಯಬಹುದಾದ ಭಾರ, ಗಾಳಿ ಟೈರ್ ಇಲ್ಲದಿದ್ದರೆ 900 ಕೆ.ಜಿ. ಟೈರ್ ಇದ್ದರೆ 1350. ಬಾಲ್ ಬೇರಿಂಗ್ ಇದ್ದರೆ 1800. ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸಬಾರದೆಂದೂ ಇದೆ, ಒಳ್ಳೆಯದೇ. ಆದರೆ ಒಂಬತ್ತು ಗಂಟೆ ಟೈರಿಗೂ ಅಷ್ಟೇ, ಮರದ ಚಕ್ರಕ್ಕೂ ಅಷ್ಟೇ. ಚಕ್ರದಲ್ಲಿ ಉಳಿದದ್ದು ಎತ್ತಿನ ಖಾತೆಗೆ ಜಮೆಯಾಗುವ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. 'ವಿಜ್ಞಾನವು ಶ್ರಮವನ್ನು ಕಡಿಮೆ ಮಾಡಿದೆ, ಸಮರ್ಥಿಸಿ' ಎಂಬ ಪ್ರಶ್ನೆಗೆ ನಾನು ಎಷ್ಟು ಮಕ್ಕಳಿಗೆ ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದೇನೋ.

ಹೆಂಡತಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಒಗೆಯುವ ಕಲ್ಲಿದ್ದಾಗ ವಾರಕ್ಕೆ ಎರಡು ಸಲ ಒಗೆಯುತ್ತಿದ್ದೆ. ಮಿಷನ್ ಬಂದ ಮೇಲೆ ದಿನಾ ಒಗೆಯುತ್ತೇನೆ. ಒಂದು ಸಲ ಹಾಕಿದ ಅಂಗಿ ನಿಮಗೂ ನಿಮ್ಮ ಮಗನಿಗೂ ಎರಡನೇ ಸಲ ಹಾಕಲು ಬರುವುದಿಲ್ಲವಲ್ಲ" ಎಂದಳು. ಈ ವಿಷಯದಲ್ಲಿ ನಾನು ಹೆಚ್ಚು ವಾದಿಸಲಿಲ್ಲ.

ನಮ್ಮ ಮನೆಯಲ್ಲೇ ಇರುವ ಭಾವಮೈದುನನದು ಇನ್ನೊಂದು ಕಥೆ. ಹೆದ್ದಾರಿ ಉದ್ಘಾಟನೆಯಾದಾಗ, 2023ರ ಮಾರ್ಚ್‌ನಲ್ಲಿ, ಮಂಡ್ಯದಲ್ಲಿ ಅವನಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಿಲ್ಲ. ಮೈಸೂರು–ಬೆಂಗಳೂರಿನ ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು, ನಡುವಿನ ನಮಗೆ ಇನ್ನೂ ಹತ್ತಿರ. ಊರು ದೂರವೆಂಬ ಕಾರಣಕ್ಕೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಅವನ ಕಚೇರಿ ಬಿಟ್ಟಿತ್ತು. ಒಂದೆರಡು ತಿಂಗಳಿಗೆ ಮೇಲಧಿಕಾರಿ ನಯವಾಗಿ ಕೇಳಿದನಂತೆ, "ಈಗ ರಸ್ತೆ ಚೆನ್ನಾಗಿದೆಯಲ್ಲ?" ಅಂದಿನಿಂದ ಐದು ದಿನವೂ ಬೆಳಿಗ್ಗೆ ಐದೂವರೆಗೆ ಹೊರಡುತ್ತಾನೆ, ರಾತ್ರಿ ಒಂಬತ್ತೂವರೆಗೆ ಬಂದು ತಟ್ಟೆಯ ಮುಂದೆ ತೂಕಡಿಸುತ್ತಾನೆ. ಹುಡುಗ ಒಳ್ಳೆಯವನು, ಬೆನ್ನು ಮಾತ್ರ ಸ್ವಲ್ಪ ಮೆದು. ಅವನಿಗೆ ಎತ್ತಿನ ಕಥೆ ಹೇಳಬೇಕೆಂದು ಬಾಯಿ ತೆರೆದವನು ಅವನ ಮುಖ ನೋಡಿ ಸಾರು ಬಡಿಸಿದೆ.

ಅಂಗಡಿಯಲ್ಲಿ ಕೊನೆಗೆ ಆದದ್ದಿಷ್ಟು. ಹುಡುಗ ಚಕ್ರ ಕೂರಿಸಿದ. ಇಳಿಸಿದ್ದ ಹೊರೆಗಳನ್ನು ಮತ್ತೆ ಹೇರಲು ನಾನೂ ಕೈ ಕೊಟ್ಟೆ, ಎರಡಕ್ಕೇ ಸೊಂಟ ಹಿಡಿಯಿತು. ಎಲ್ಲ ಹೇರಿ ಹಗ್ಗ ಬಿಗಿದ ಮೇಲೆ ಮುದುಕರು ಒಂದು ದಪ್ಪ ಜಲ್ಲೆಯನ್ನು ಹಿರಿದು ನನ್ನ ಕೈಗಿತ್ತರು.

"ತೆಗೆದುಕೊಳ್ಳಿ ಸ್ವಾಮಿ. ಅಷ್ಟಾದರೂ ಭಾರ ಇಳಿಯಲಿ."

ಜಲ್ಲೆ ಹಿತ್ತಲ ಬಾಗಿಲ ಹಿಂದೆ ನಿಂತಿದೆ. ಭಾನುವಾರ ಎಲ್ಲರೂ ಕೂತು ಸಿಗಿದು ತಿನ್ನೋಣ ಎಂದು ಭಾವಮೈದುನನೇ ಹೇಳಿದ್ದ. ನಿನ್ನೆ ರಾತ್ರಿ ಅವನಿಗೆ ಕಚೇರಿಯಿಂದ ಫೋನು ಬಂತು, ಭಾನುವಾರವೂ ಒಂದು ಗಳಿಗೆ ಬಂದು ಹೋಗಬೇಕಂತೆ.