ಮುಧೋಳದ ಹೊಳಿ ಇಳಿಯಾಕತ್ತೇತಿ

ಇಲ್ಲಿ ಹನಿ ಬಿದ್ದಿಲ್ಲ, ಆದರೂ ಘಟಪ್ರಭಾ ಕೆಂಪಗ ಹರೀತೈತಿ. ಅಂಬೋಲಿ ಕಡೆ ಸುರಿದ ಮಳಿ ಹಿರಣ್ಯಕೇಶಿ ಹೊಳಿ ಹಿಡದು ಘಟಪ್ರಭಾ ಕೂಡಿ ನಮ್ಮ ದಂಡಿಗೆ ಬರ್ತೈತಿ. ಯಾರದೋ ಊರಿನ ಮೋಡ, ನಮ್ಮೂರ ಹೊಳಿ.

ಗಾಳ ಹಾಕೋರಿಗೆ ಒಂದು ಮಾತು. ನೀರು ಏರುವಾಗ ಹೋಗಬ್ಯಾಡ್ರಿ, ಮೀನು ಕಚ್ಚೂದು ಇಳಿಯುವಾಗ. ಮೊಣಕೈತನಕ ಕೈ ಅದ್ದಿ, ಬೆರಳು ಕಾಣದಿದ್ದರ ಕಣ್ಣಿಂದ ಬೇಟೆ ಆಡೋ ಕೊರವ ಮೀನು ಸಿಗೂದು ಕಷ್ಟ. ಅಂಥಾ ರಾಡಿಗೆ ವಾಸನಿ ಬೇಕು: ಎರೆಹುಳದ ಗೊಂಚಲ, ಇಲ್ಲಾ ಕೋಳಿ ಕರಳು. ಬಾಳೆಮೀನು, ಚೇಳುಮೀನು ಮೀಸಿಯಿಂದ ಹುಡುಕಿ ಬರ್ತಾವ.

ನಡುಹೊಳಿಗೆ ಎಸೆದು ದಣೀಬ್ಯಾಡ್ರಿ. ಹಳ್ಳ ಬಂದು ಕೂಡೋ ಬಾಯಿ, ಸೇತುವೆ ಕಂಬದ ಹಿಂದ ನೀರು ತಿರುಗೋ ಜಾಗ, ದಂಡಿಯಿಂದ ನಾಕೈದು ಮಾರು, ಅಷ್ಟ ಸಾಕು. ಬ್ಯಾಸಿಗಿಯಾಗ ದಾರಕ್ಕ ಭಾರ ಅಂತ ಕಟ್ಟೋ 20 ಗ್ರಾಂ ಸೀಸ ಈಗ ನಿಲ್ಲೂದಿಲ್ಲ, 60 ಆದರೂ ಬೇಕು. ಗುಂಡಗಿನದು ಉರುಳ್ತೈತಿ, ಚಪ್ಪಟಿ ಸೀಸ ಕಚ್ಚಿ ಕೂಡ್ತೈತಿ. ಕಬ್ಬಿನ ರವದಿ ದಾರಕ್ಕ ಸಿಕ್ಕೊಂಡು ಎಳೀತಿದ್ದರ ಅದನ್ನ ಮೀನು ಅಂತ ತಿಳೀಬ್ಯಾಡ್ರಿ: ಮೀನು ಜಗ್ಗಿ ಬಿಡ್ತೈತಿ, ರವದಿ ಒಂದ ಸವನ ಭಾರ.

ನೀರಂಚಿಗೆ ಒಂದು ಕಡ್ಡಿ ಚುಚ್ಚಿ ಇಡ್ರಿ. ಅರ್ಧ ತಾಸಿನಾಗ ಗೇಣು ಮುಳುಗಿದರ ಮ್ಯಾಲಿನ ಡ್ಯಾಮಿನಿಂದ ನೀರು ಬಿಟ್ಟಿರಬಹುದು, ಸಾಮಾನು ಕಟ್ಟಿ ಏಳ್ರಿ. ಕರಿಮಣ್ಣಿನ ದಂಡಿ ಒಳಗೊಳಗ ಕೊರದಿರ್ತೈತಿ, ತುದೀಗೆ ನಿಂತರ ಕುಸೀತೈತಿ.

ಹೊಟ್ಟಿ ಉಬ್ಬಿದ ರೋಹು ಬಂದರ ಕೈ ಒದ್ದಿ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡ್ರಿ, ತತ್ತಿ ಇಡೋ ತಿಂಗಳು ಇದು.