ಕಣಿವೆದಾರಿಗೊಂದು ಹೆಸರು

ನಿದ್ದೆ ಬಾರದೆ ಭೂಪಟ ನೋಡುತ್ತಿದ್ದೆ. ಚಿಲಿ-ಅರ್ಜೆಂಟೀನಾ ಗಡಿಯ ಆಂಡಿಸ್ ಕಣಿವೆದಾರಿಯೊಂದಕ್ಕೆ ಇಟಲಿಯ ಧರ್ಮಗುರು ಕಾರ್ಡಿನಲ್ ಆಂಟೋನಿಯೊ ಸಮೊರೆ ಅವರ ಹೆಸರು!

1978ರ ಡಿಸೆಂಬರ್‌ನಲ್ಲಿ ಬೀಗಲ್ ಜಲಸಂಧಿಯ ಮೂರು ಪುಟ್ಟ ದ್ವೀಪಗಳಿಗಾಗಿ ಎರಡೂ ದೇಶಗಳು ಯುದ್ಧದ ಅಂಚಿಗೆ ಬಂದಿದ್ದವು. ಎರಡೂ ಕಡೆ ಸೇನಾಡಳಿತ, ಎರಡೂ ಕಡೆ ಕ್ಯಾಥೊಲಿಕರು. ಪೋಪ್ ಎರಡನೇ ಜಾನ್ ಪಾಲ್ ಕಳುಹಿಸಿದ್ದು 73ರ ಈ ಮುದುಕರನ್ನು; ಹಿಂದೆ ಕೊಲಂಬಿಯಾದಲ್ಲಿ ಪೋಪರ ರಾಯಭಾರಿ, ಅಂದರೆ ನುನ್ಸಿಯೊ, ಆಗಿದ್ದವರು. ಬ್ಯೂನಸ್ ಐರಿಸ್, ಸ್ಯಾಂಟಿಯಾಗೊ ನಡುವೆ ಓಡಾಡಿ, 1979ರ ಜನವರಿ 8ರಂದು ಮಾಂಟೆವಿಡಿಯೊದಲ್ಲಿ, ಪೋಪರ ಮಧ್ಯಸ್ಥಿಕೆಗೆ ಒಪ್ಪುವ ಪತ್ರಕ್ಕೆ ಇಬ್ಬರಿಂದಲೂ ಸಹಿ ಹಾಕಿಸಿಯೇ ಬಿಟ್ಟರು.

ಸೈನ್ಯವಿಲ್ಲ, ವ್ಯಾಪಾರವಿಲ್ಲ, ಬೆದರಿಸಲು ಏನೂ ಇಲ್ಲ. ನಮ್ಮೂರಿನ ಬದುವಿನ ಜಗಳಕ್ಕೂ ಇಂಥವರೊಬ್ಬರು ಸಿಕ್ಕಿದ್ದರೆ ಎಂದುಕೊಂಡೆ.

ಅಂತಿಮ ಒಪ್ಪಂದವಾದದ್ದು 1984ರ ನವೆಂಬರ್‌ನಲ್ಲಿ. ಸಮೊರೆ ಅದನ್ನು ನೋಡಲಿಲ್ಲ; 1983ರಲ್ಲೇ ತೀರಿಕೊಂಡಿದ್ದರು.